ಹಿಂದುಮುಂದಾಗಿ ಒತ್ತಿದ ನಾಲ್ಕು ಅಂಕಿ

ಮಾನ್ಯ ಪೊಲೀಸ್ ಮುಖ್ಯಸ್ಥರೇ,

ಜನವರಿಯಲ್ಲಿ ನೀವು ಹಳದಿ ಕಾಗದದಲ್ಲಿ ಅಚ್ಚು ಹಾಕಿಸಿ, ಕೆಳಗೆ ನಿಮ್ಮ ಸಹಿಯನ್ನೂ ಊರಿನ ಮೊಹರನ್ನೂ ಒತ್ತಿ, ಮನೆಮನೆಗೆ ಹಂಚಿದ ಕರಪತ್ರದ ಏಳನೆಯ ಸೂಚನೆ ಸುಳ್ಳು. ಎಟಿಎಂ ಮುಂದೆ ಯಾರಾದರೂ ಬೆದರಿಸಿ ಹಣ ತೆಗೆಯಲು ಹೇಳಿದರೆ ಪಿನ್ ಸಂಖ್ಯೆಯನ್ನು ಹಿಂದುಮುಂದಾಗಿ ಒತ್ತಬೇಕು, ಯಂತ್ರವು ಕಳ್ಳನಿಗೆ ತಿಳಿಯದಂತೆ ಪೊಲೀಸರಿಗೆ ಸುದ್ದಿ ಮುಟ್ಟಿಸುತ್ತದೆ ಎಂದು ಅಲ್ಲಿ ಬರೆದಿದೆ. ಯಾವ ಯಂತ್ರವೂ ಮುಟ್ಟಿಸುವುದಿಲ್ಲ. ಹಾಗೆ ಒತ್ತಿದರೆ ಯಂತ್ರ ಹೇಳುವುದು ಒಂದೇ ಮಾತು, ಸಂಖ್ಯೆ ತಪ್ಪಾಗಿದೆ ಎಂದು. ಈ ಸೂಚನೆಯನ್ನು ಅಕ್ಷರಶಃ ಪಾಲಿಸಿದ ನನ್ನ ಅತ್ತಿಗೆ ವರ್ನಾ ಹುಡಾಕ್, ಸೊಂಟದ ಮೂಳೆ ಮುರಿದುಕೊಂಡು ನಾಲ್ಕು ವಾರದಿಂದ ಶುಶ್ರೂಷಾಲಯದ ಮಂಚದ ಮೇಲಿದ್ದಾಳೆ. ಅವಳು ಅದನ್ನು ಇನ್ನೂ ನಂಬಿದ್ದಾಳೆ. ಮುಂದಿನ ವಾರ ಮನೆಗೆ ಬರುತ್ತಾಳೆ, ಗುಡ್ ಫ್ರೈಡೇ ಬೆಳಿಗ್ಗೆ ಅದೇ ಯಂತ್ರದ ಮುಂದೆ ಹೋಗಿ ನಿಲ್ಲುವುದಾಗಿ ಹೇಳುತ್ತಿದ್ದಾಳೆ. ಅವಳನ್ನು ಹೊಡೆದವನು ಇನ್ನೂ ಸಿಕ್ಕಿಲ್ಲ. ಅವಳ ಹೆಸರು, ವಿಳಾಸ, ಮನೆಯ ಕೀಲಿ ಇದ್ದ ಕೈಚೀಲ ಅವನ ಬಳಿಯಿದೆ. ಆ ಶುಕ್ರವಾರದೊಳಗೆ ನೀವು ಬಾಯಿ ಬಿಡಬೇಕು ಎಂಬ ಕಾರಣಕ್ಕೆ ಜಿಲ್ಲೆಯ ವಾರಪತ್ರಿಕೆಯಲ್ಲಿ ಎಲ್ಲರೂ ಓದುವ ಹಾಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಚೆನ್ನಾಗಿ ಗೊತ್ತು. ಓದುಗರಿಗೂ ಗೊತ್ತಿರಲಿ. ಈ ಜಿಲ್ಲೆಯ ತುರ್ತು ಕರೆ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದವಳು ನಾನು. ಒಂಬತ್ತು-ಒಂದು-ಒಂದು ಒತ್ತಿದವರಿಗೆ ಆ ಕಡೆಯಿಂದ ಕೇಳುತ್ತಿದ್ದದ್ದು ನನ್ನ ದನಿ. ಬ್ಯಾಂಕಿನ ಎಚ್ಚರಿಕೆ ಗಂಟೆ, ಶಾಲೆಯ ಬೆಂಕಿ ಗಂಟೆ, ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಗುಂಡಿ, ಉರುಳಿಬಿದ್ದ ಕಾರು ತಾನಾಗಿಯೇ ಮಾಡುವ ಕರೆ ಎಲ್ಲವೂ ನನ್ನ ಮೇಜಿಗೆ ಬಂದಿವೆ. ಒಂದು ಸಲ ಯಾರದೋ ಮನೆಯ ಗಿಳಿ ಕೊಕ್ಕಿನಿಂದ ಒತ್ತಿದ ಕರೆಯೂ ಬಂದಿತ್ತು, ಅಲ್ಲಿಗೂ ಗಾಡಿ ಕಳಿಸಿದ್ದೆ. ಹಿಂದುಮುಂದಾಗಿ ಒತ್ತಿದ ಪಿನ್ನಿನಿಂದ ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಕರೆ ಬಂದಿಲ್ಲ. ಅಂಥದ್ದೊಂದು ಉಪಾಯ ಬಹಳ ಹಿಂದೆ ಯಾರ ತಲೆಗೋ ಹೊಳೆದದ್ದು ನಿಜ, ಸರ್ಕಾರದವರು ಅದನ್ನು ಕೂತು ಯೋಚಿಸಿದ್ದೂ ನಿಜ. ಯಾವ ಬ್ಯಾಂಕೂ ಅದನ್ನು ಯಂತ್ರದೊಳಗೆ ಹಾಕಲಿಲ್ಲ. ಹೆದರಿ ನಡುಗುತ್ತಿರುವ ಮನುಷ್ಯನಿಗೆ ತನ್ನ ಸಂಖ್ಯೆಯನ್ನು ತಿರುಗಿಸುವಷ್ಟು ತಲೆ ಓಡುತ್ತದೆಯೇ, ಅಷ್ಟು ಹೊತ್ತು ಕಳ್ಳನ ಜೊತೆ ನಿಲ್ಲುವುದು ಕ್ಷೇಮವೇ ಎಂಬ ಪ್ರಶ್ನೆಗಳಿಗೆ ಯಾರ ಬಳಿಯೂ ಒಳ್ಳೆಯ ಉತ್ತರ ಇರಲಿಲ್ಲ. ಈ ವಿಷಯ ತಿಳಿಯಲು ಯಾರಿಗಾದರೂ ಒಂದು ಫೋನ್ ಮಾಡಿದ್ದರೆ ಸಾಕಾಗಿತ್ತು. ಫೋನ್ ನಿಮ್ಮ ಮೇಜಿನ ಮೇಲೆಯೇ ಇದೆ.

ನಿಮ್ಮ ಕರಪತ್ರದ ಉಳಿದ ಸೂಚನೆಗಳನ್ನು ನಾನು ತಳ್ಳಿಹಾಕುವುದಿಲ್ಲ. ಸಂಖ್ಯೆ ಒತ್ತುವಾಗ ಇನ್ನೊಂದು ಕೈಯಿಂದ ಮುಚ್ಚಿಕೊಳ್ಳಿ, ಸರಿ. ಕಾರ್ಡ್ ತೂರಿಸುವ ಬಾಯಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಕಾರ್ಡಿನ ಮಾಹಿತಿ ಕದಿಯುವ ಕಳ್ಳ ಉಪಕರಣವನ್ನು ಅದರ ಮೇಲೆ ಅಂಟಿಸಿರಬಹುದು, ಬಹಳ ಸರಿ. ಬೆಳಕಿನಲ್ಲಿ ಹೋಗಿ, ಸುತ್ತ ನೋಡಿಕೊಳ್ಳಿ, ಹಣವನ್ನು ಅಲ್ಲೇ ನಿಂತು ಎಣಿಸಬೇಡಿ, ಇವೂ ಸರಿ. ಆರನೆಯದು ಮಾತ್ರ ಏಳನೆಯದರ ತಮ್ಮ. ಕಾರ್ಡ್ ಹಾಕುವ ಮೊದಲು ರದ್ದು ಗುಂಡಿಯನ್ನು ಎರಡು ಸಲ ಒತ್ತಿದರೆ ಪಿನ್ ಕದಿಯುವವರ ಆಟ ನಡೆಯುವುದಿಲ್ಲವಂತೆ. ಅದರಿಂದ ಆಗುವ ಲಾಭ ಬೆರಳಿಗೆ ಸ್ವಲ್ಪ ವ್ಯಾಯಾಮ, ಇರಲಿ. ಆದರೆ ಐದು ನಿಜಗಳ ಪಕ್ಕದಲ್ಲಿ ಒಂದು ಸುಳ್ಳನ್ನು ಕೂರಿಸಿದರೆ ಅದೂ ನಿಜದ ಮುಖ ಹೊತ್ತುಕೊಳ್ಳುತ್ತದೆ. ಜನ ಗಾಳಿಸುದ್ದಿಯನ್ನು ಫೋನಿನಲ್ಲಿ ಓದಿದ್ದರೆ ಅರ್ಧ ನಂಬುತ್ತಿದ್ದರು, ಅರ್ಧ ನಗುತ್ತಿದ್ದರು. ನೀವು ಮೊಹರು ಒತ್ತಿ ನಗುವವರ ಬಾಯಿ ಮುಚ್ಚಿಸಿದಿರಿ.

ನಮ್ಮ ಊರಿನ ಕಥೆ ಬೇರೆ ಊರಿನವರಿಗೆ ಅರ್ಥವಾಗಬೇಕಾದರೆ ಶುಕ್ರವಾರಗಳ ವಿಷಯ ಹೇಳಬೇಕು. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ನಾವು ಮಾಂಸ ಮುಟ್ಟುವುದಿಲ್ಲ. ಆ ಶುಕ್ರವಾರಗಳಲ್ಲಿ ಫೈರ್ ಹಾಲಿನಲ್ಲಿ, ಎಂದರೆ ಊರಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ, ಪಿರೋಗಿ ಮಾರಾಟ. ಆಲೂಗಡ್ಡೆ ಚೀಸು ತುಂಬಿ ಅಂಚು ಚಿವುಟಿ ಬೇಯಿಸಿದ ಆ ಕಡುಬುಗಳ ದುಡ್ಡಿನಿಂದಲೇ ನಮ್ಮ ಬೆಂಕಿ ಆರಿಸುವ ಗಾಡಿಗೆ ಹೊಸ ಚಕ್ರ ಬರುವುದು. ಅಲ್ಲಿ ಕಾರ್ಡ್ ನಡೆಯುವುದಿಲ್ಲ, ಚೆಕ್ಕು ನಡೆಯುವುದಿಲ್ಲ, ನಗದು ಮಾತ್ರ. ಬ್ಯಾಂಕಿನವರು ಮೂರು ವರ್ಷದ ಹಿಂದೆಯೇ ಶಾಖೆ ಮುಚ್ಚಿ ಹೊರಟುಹೋದರು, ಗೋಡೆಯಲ್ಲಿ ಒಂದು ಎಟಿಎಂ ಮಾತ್ರ ಬಿಟ್ಟುಹೋದರು. ಹಾಗಾಗಿ ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ಊರಿನ ಮುದುಕಿಯರೆಲ್ಲ ಒಬ್ಬೊಬ್ಬರಾಗಿ ಅದೇ ಗೋಡೆಯ ಮುಂದೆ ನಿಂತು ಹಣ ತೆಗೆಯುತ್ತಾರೆ. ಇದು ನಮಗೆ ಗೊತ್ತು, ನಿಮಗೆ ಗೊತ್ತು. ಕಳ್ಳನಿಗೂ ಗೊತ್ತಾಗಲು ಎರಡು ಶುಕ್ರವಾರ ಸಾಕು. ಆ ಒಂದು ಗಂಟೆ ಅಲ್ಲೊಬ್ಬ ಪೇದೆಯನ್ನು ನಿಲ್ಲಿಸಿ ಎಂದು ಫೈರ್ ಹಾಲಿನವರು ಕಳೆದ ವರ್ಷವೇ ಅರ್ಜಿ ಕೊಟ್ಟಿದ್ದರು. ಪೇದೆ ಬರಲಿಲ್ಲ, ಬದಲಿಗೆ ಹಳದಿ ಕಾಗದ ಬಂತು. ಅದನ್ನು ಆ ಯಂತ್ರದ ಪಕ್ಕದ ಗಾಜಿಗೇ ಅಂಟಿಸಿ ಹೋದರು ನಿಮ್ಮವರು.

ಗುರುವಾರ ನಾವು ಹೆಂಗಸರು ಉದ್ದನೆಯ ಮೇಜುಗಳ ಸುತ್ತ ಕೂತು ಪಿರೋಗಿ ಚಿವುಟುತ್ತೇವೆ. ಕೈಗೆ ಕೆಲಸವಿದ್ದಾಗ ಬಾಯಿ ಬಿಡುವಾಗಿರುತ್ತದೆ. ಈ ವರ್ಷ ಬಾಯಿಗೂ ಕೆಲಸ ಕೊಟ್ಟಿರಿ. ಒಬ್ಬೊಬ್ಬರೂ ತಮ್ಮ ಪಿನ್ನನ್ನು ತಿರುಗಿಸಿ ಹೇಳುವ ಅಭ್ಯಾಸ ಶುರುವಾಯಿತು. ಬರ್ನಡೀನ್ ಸಾಬೊ ಎಂಬ ನಮ್ಮ ಗೆಳತಿಯ ದನಿ ಮೊದಲೇ ದೊಡ್ಡದು. ಅಂಕಿಗಳನ್ನು ನಾನಿಲ್ಲಿ ಬದಲಾಯಿಸಿದ್ದೇನೆ, ಅಷ್ಟು ಬುದ್ಧಿ ನನಗಿದೆ.

"ಆರು-ಎರಡು-ಒಂಬತ್ತು-ಒಂದು. ತಿರುಗಿಸಿದ್ರೆ ಒಂದು-ಒಂಬತ್ತು-ಎರಡು-ಆರು. ಹೆಂಗೆ? ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ."

"ಮೆಲ್ಲಗೆ ಹೇಳೆ ಮಾರಾಯ್ತಿ, ಬೀದಿಗೆಲ್ಲ ಕೇಳತ್ತೆ," ಎಂದಳು ವರ್ನಾ.

"ಕೇಳ್ಲಿ ಬಿಡು. ಇಲ್ಲಿರೋರೆಲ್ಲ ನಮ್ಮೋರೇ ಅಲ್ವಾ? ಈಗ ನಿಂದು ಹೇಳು ನೋಡೋಣ."

"ನಂದು ಎತ್ಲಾಗಿಂದ ಓದಿದ್ರೂ ಒಂದೇ ಆಗ್ತಿತ್ತು. ಅದಕ್ಕೇ ಬದಲಾಯಿಸಿದೀನಿ."

ಇದೂ ನಿಮ್ಮದೇ ಕರಪತ್ರದ ಉಪದೇಶ. ಎರಡೂ ಕಡೆಯಿಂದ ಒಂದೇ ಆಗುವ ಸಂಖ್ಯೆ ಇದ್ದವರು ಕೂಡಲೇ ಬದಲಾಯಿಸಿಕೊಳ್ಳತಕ್ಕದ್ದು ಎಂದು ನಕ್ಷತ್ರ ಗುರುತು ಹಾಕಿ ಬರೆದಿದ್ದಿರಿ. ಸುಳ್ಳಿಗೆ ಎಷ್ಟು ಮುತುವರ್ಜಿ ನೋಡಿ. ವರ್ನಾ ಮೂವತ್ತು ವರ್ಷದ ತನ್ನ ಸಂಖ್ಯೆಯನ್ನು ಬಿಟ್ಟು, ತೀರಿಕೊಂಡ ನನ್ನ ಅಣ್ಣನ ಕಾರ್ಖಾನೆಯ ಬಿಲ್ಲೆಯ ಸಂಖ್ಯೆಯನ್ನು ಇಟ್ಟುಕೊಂಡಳು. ಅದನ್ನೂ ಆ ಮೇಜಿನಲ್ಲೇ ಹೇಳಿದಳು, ಹದಿನಾಲ್ಕು ಜನ ಕೇಳಿಸಿಕೊಂಡರು. ಗುಟ್ಟಾಗಿ ಇಡಬೇಕಾದ ಸಂಖ್ಯೆಗಳು ನಮ್ಮ ಊರಿನಲ್ಲಿ ಮಗ್ಗಿಯಂತೆ ಬಾಯಿಪಾಠವಾದವು.

ನಾನು ಅಲ್ಲೇ, ವರ್ನಾಳ ಎಡಕ್ಕೆ ಕೂತಿದ್ದೆ. ಇದೆಲ್ಲ ಬುರುಡೆ ಎಂದು ನನಗೆ ಗೊತ್ತಿತ್ತು. ಆದರೆ ಹಿಂದಿನ ವಾರ ಗ್ಯಾಸ್ ಒಲೆಯ ವಿಷಯಕ್ಕೆ ನಾನೇನೋ ಎಚ್ಚರಿಕೆ ಹೇಳಿ, "ಬಂದ್ರಮ್ಮ ಒಂಬತ್ತು-ಒಂದು-ಒಂದು" ಎಂದು ಎಲ್ಲರೂ ನಕ್ಕಿದ್ದರು. ಮತ್ತೆ ಯಾಕೆ ಬಾಯಿ ಹಾಕಲಿ, ಇದರಿಂದ ಯಾರಿಗೇನು ನಷ್ಟ ಎಂದುಕೊಂಡು ಹಿಟ್ಟಿನ ಅಂಚು ಚಿವುಟುತ್ತ ಕೂತೆ. ನಿಮ್ಮ ತಪ್ಪನ್ನು ಬರೆಯುವ ಪತ್ರದಲ್ಲಿ ನನ್ನದನ್ನು ಮುಚ್ಚಿಟ್ಟರೆ ನನಗೂ ನಿಮಗೂ ಏನು ವ್ಯತ್ಯಾಸ? ಆ ಅರ್ಧ ಗಂಟೆಯ ಮೌನಕ್ಕೆ ನನಗೆ ನಾಚಿಕೆಯಾಗುತ್ತದೆ.

ಎರಡನೆಯ ಶುಕ್ರವಾರ ಬೆಳಿಗ್ಗೆ ಒಂಬತ್ತೂ ನಲವತ್ತು. ಒಳ್ಳೆಯ ಬಿಸಿಲು, ರಸ್ತೆಯ ಪಕ್ಕ ತಳ್ಳಿಟ್ಟ ಹಿಮದ ದಿಬ್ಬ ಆಳೆತ್ತರ. ವರ್ನಾ ನಿಮ್ಮ ಸೂಚನೆಯಂತೆ ಹಗಲಿನಲ್ಲಿ ಹೋದಳು, ಸುತ್ತ ನೋಡಿದಳು, ಕಾರ್ಡಿನ ಬಾಯಿಯನ್ನು ಅಲ್ಲಾಡಿಸಿದಳು, ರದ್ದು ಗುಂಡಿಯನ್ನು ಎರಡು ಸಲ ಒತ್ತಿದಳು. ಕಾರ್ಡ್ ಹಾಕಿದ ಮೇಲೆ ಹಿಂದಿನಿಂದ ಒಬ್ಬ ಬಂದು ಅವಳ ಬೆನ್ನಿಗೆ ಗಟ್ಟಿಯಾದದ್ದೇನನ್ನೋ ಒತ್ತಿದ. ಅದು ಪೈಪು ತಿರುಗಿಸುವ ದೊಡ್ಡ ಸ್ಪ್ಯಾನರ್ ಎಂದು ಅವಳಿಗೆ ಆಮೇಲೆ ತಿಳಿಯಿತು. ಮುಂದಿನದನ್ನು ಅವಳು ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ.

"ಅಜ್ಜಿ, ಎಷ್ಟು ಬರತ್ತೋ ಅಷ್ಟೂ ತೆಗಿ. ತಿರುಗಿ ನೋಡ್ಬೇಡ."

ಅವಳು ಸಂಖ್ಯೆಯನ್ನು ತಿರುಗಿಸಿ ಒತ್ತಿದಳು. ತಪ್ಪಾಗಿದೆ ಎಂದಿತು ಯಂತ್ರ.

"ಏನಾಯ್ತು? ನೆಟ್ಟಗೆ ಒತ್ತು."

"ವಯಸ್ಸಾಯ್ತಪ್ಪ, ಬೆರಳು ನಡುಗತ್ತೆ. ಒಂಚೂರು ತಾಳು."

ಎರಡನೆಯ ಸಲವೂ ತಿರುಗಿಸಿಯೇ ಒತ್ತಿದಳು, ಬೇಕೆಂದೇ ನಿಧಾನವಾಗಿ. ಪೊಲೀಸರಿಗೆ ಬರಲು ಹೊತ್ತು ಬೇಕಲ್ಲ ಎಂಬುದು ಅವಳ ಲೆಕ್ಕ. ಮೂರನೆಯ ಸಲಕ್ಕೆ ಯಂತ್ರ ಕಾರ್ಡನ್ನೇ ನುಂಗಿತು. ಆಗ ಅವನ ಕಣ್ಣು ಗಾಜಿನ ಮೇಲಿದ್ದ ಹಳದಿ ಕಾಗದದ ಮೇಲೆ ಬಿತ್ತು. ಅವನು ಅದನ್ನು ಓದಿದ. ಸ್ವಾಮಿ, ನೀವು ಬರೆದದ್ದನ್ನು ಆ ಬೆಳಿಗ್ಗೆ ಅಲ್ಲಿ ಇಬ್ಬರು ಓದಿದ್ದರು, ಇಬ್ಬರೂ ನಂಬಿದ್ದರು.

"ಇದನ್ನೇ ಮಾಡಿದ್ಯಾ? ಪೊಲೀಸ್ನೋರನ್ನ ಕರೆದ್ಯಾ?"

"ಹೂಂ, ಕರೆದೆ," ಎಂದಳಂತೆ ನನ್ನ ಅತ್ತಿಗೆ. "ಮೂರು ಸಲ ಕರೆದೆ. ಬರ್ತಾ ಇದಾರೆ. ಓಡಿಹೋಗು, ನಿನಗೇ ಒಳ್ಳೇದು."

ಅವನು ಓಡಿಹೋದ, ನಿಜ. ಹೋಗುವ ಮೊದಲು ಸ್ಪ್ಯಾನರಿನಿಂದ ಅವಳ ಬಲಗೈಗೆ ಹೊಡೆದ, ಚೀಲ ಕಿತ್ತುಕೊಂಡ, ಹಿಮದ ದಿಬ್ಬದ ಮರೆಗೆ ತಳ್ಳಿದ. "ನಿನ್ನ ಮುಖ ಮರೆಯಲ್ಲ" ಎಂದು ಹೇಳಿಹೋದ. ಹಣ ಬೇಕಾಗಿದ್ದ ಕಳ್ಳನಿಗೆ ಹಣ ಕೊಟ್ಟಿದ್ದರೆ ಬಹುಶಃ ಹಣದ ಜೊತೆ ಹೋಗಿರುತ್ತಿದ್ದ. ಹೆದರಿದ ಕಳ್ಳ ಬೇರೆಯೇ ಪ್ರಾಣಿ. ಅವನನ್ನು ಹೆದರಿಸಿದ್ದು ನಿಮ್ಮ ಕಾಗದ.

ವರ್ನಾ ದಿಬ್ಬದ ಹಿಂದೆ ಮಂಜುಗಡ್ಡೆಯ ಮೇಲೆ ಬಿದ್ದಿದ್ದಳು, ರಸ್ತೆಗೆ ಕಾಣುತ್ತಿರಲಿಲ್ಲ. ಆ ಬೆಳಿಗ್ಗೆ ಹಣ ತೆಗೆಯಲು ಬಂದವರಲ್ಲಿ ಅವಳೇ ಕೊನೆಯವಳು. ಎದುರಿಗೇ ಹಾರ್ಡ್‌ವೇರ್ ಅಂಗಡಿ, ಅದರ ಬಾಗಿಲು ತೆರೆದೇ ಇತ್ತು. ಕೂಗಿದ್ದರೆ ಕೇಳುತ್ತಿತ್ತು. ಅವಳು ಕೂಗಲಿಲ್ಲ. ಅವಳ ಕೋಟಿನ ಎಡ ಜೇಬಿನಲ್ಲಿ ಫೋನ್ ಇತ್ತು, ಎಡಗೈಗೆ ಏನೂ ಆಗಿರಲಿಲ್ಲ. ಅವಳು ಫೋನ್ ತೆಗೆಯಲಿಲ್ಲ. ಹತ್ತು ಗಂಟೆಗೆ ಅಂಗಡಿಯ ರೇ ಕೊಸ್ಕೊ ಜಾರುವ ಕಡೆ ಮಂಜುಗಡ್ಡೆ ಕರಗಿಸುವ ಉಪ್ಪು ಎರಚಲು ಈಚೆ ಬಂದಾಗ ಅವಳ ಟೋಪಿ ಕಂಡಿತು. ಅವನು ಕರೆ ಮಾಡಿದ ನಾಲ್ಕನೆಯ ನಿಮಿಷಕ್ಕೆ ನಿಮ್ಮ ಗಾಡಿ ಬಂತು, ಆರನೆಯದಕ್ಕೆ ಆಂಬುಲೆನ್ಸ್. ಕರೆ ಬಂದ ಮೇಲೆ ನಿಮ್ಮವರು ತಡ ಮಾಡಲಿಲ್ಲ, ಆ ನ್ಯಾಯವನ್ನು ನಾನು ಬಚ್ಚಿಡುವುದಿಲ್ಲ. ಆದರೆ ಅದಕ್ಕೆ ಮುಂಚಿನ ಇಪ್ಪತ್ತು ನಿಮಿಷ ಎಪ್ಪತ್ತೊಂದು ವರ್ಷದ ಹೆಂಗಸೊಬ್ಬಳು ಮುರಿದ ಸೊಂಟದೊಂದಿಗೆ, ತುಟಿ ನೀಲಿಗಟ್ಟುವವರೆಗೆ, ಸದ್ದಿಲ್ಲದೆ ಕಾದಳು.

ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾದಾಗ ನಾನು ಪಕ್ಕದಲ್ಲಿದ್ದೆ. ನನ್ನ ಅಣ್ಣನ ಕೈ ಹಿಡಿಯುವ ಮೊದಲು ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು ಅವಳು, ನನ್ನ ಹತ್ತಿರ ಅವಳಿಗೆ ಮುಚ್ಚುಮರೆಯಿಲ್ಲ.

"ಥೆಕ್ಲಾ, ನಿಮ್ಮೋರು ಯಾಕೆ ಅಷ್ಟು ತಡ ಮಾಡಿದ್ರು?"

"ಯಾರು ನಮ್ಮೋರು?"

"ನಿನ್ನ ಆಫೀಸಿನೋರು. ನಾನು ಮೂರು ಸಲ ಒತ್ತಿದೆ ಕಣೆ."

"ಫೋನು ಜೇಬಲ್ಲೇ ಇತ್ತಲ್ಲೇ. ಕೂಗೋಕೆ ಏನಾಗಿತ್ತು ನಿಂಗೆ?"

"ಕರೆದಾಗಿತ್ತಲ್ಲ. ನೀನೇ ಹೇಳ್ತಿದ್ದೆ, ಒಂದ್ಸಲ ಕರೆದ್ಮೇಲೆ ಸುಮ್ನಿರ್ಬೇಕು, ಮತ್ತೆ ಮತ್ತೆ ಮಾಡಿ ಲೈನು ಹಿಡ್ಕೋಬಾರ್ದು, ಬೇರೆ ಯಾರಿಗಾದ್ರೂ ಬೇಕಾಗಿರತ್ತೆ ಅಂತ."

ಹೌದು, ಹೇಳುತ್ತಿದ್ದೆ. ಇಪ್ಪತ್ತಾರು ವರ್ಷ ಭಾನುವಾರದ ಊಟದ ಮೇಜಿನಲ್ಲಿ ಕೂತು, ಜನ ಹೇಗೆ ಸುಮ್ಮಸುಮ್ಮನೆ ಮೂರು ಮೂರು ಸಲ ಕರೆ ಮಾಡುತ್ತಾರೆ ಎಂದು ಗೊಣಗಿದವಳು ನಾನೇ. ನಿಮ್ಮ ಸುಳ್ಳು ಮತ್ತು ನನ್ನ ನಿಜ ಸೇರಿ ಅವಳ ಬಾಯಿ ಕಟ್ಟಿದವು. ಆ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ, ಅದನ್ನೇನೂ ನಾನು ಗುಟ್ಟು ಮಾಡುವುದಿಲ್ಲ.

ಮೂರನೆಯ ದಿನ ಅವಳಿಗೆ ನಿಜ ಹೇಳಿದೆ. ಎಲ್ಲಿಗೂ ಸುದ್ದಿ ಹೋಗಲಿಲ್ಲ ವರ್ನಾ, ಹೋಗುವುದೇ ಇಲ್ಲ, ಅದು ಬರೀ ಗಾಳಿಮಾತು ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ನೀನು ರಿಟೈರಾಗಿ ಆರು ವರ್ಷ ಆಯ್ತು. ಇದು ಆಮೇಲೆ ಬಂದಿರೋದು. ನಿಂಗೆ ಹೆಂಗೆ ಗೊತ್ತಿರತ್ತೆ?"

"ನಾನು ಆಫೀಸಿಗೆ ಫೋನ್ ಮಾಡಿ ಕೇಳಿದೀನಿ ಕಣೆ."

"ಗುಟ್ಟಿನ ವಿಷಯ, ನಿಂಗ್ಯಾಕೆ ಹೇಳ್ತಾರೆ? ಚೀಫ್ ಸಹಿ ಹಾಕಿದಾರೆ ಥೆಕ್ಲಾ. ಅವರು ಸುಳ್ಳು ಬರೀತಾರಾ? ಏನೋ ಆ ದಿನ ಯಾರೋ ನೋಡ್ಲಿಲ್ಲ, ತಡ ಆಯ್ತು. ಮುಂದಿನ್ಸಲ ಬೇಗ ಬರ್ತಾರೆ."

ಮುಂದಿನ ಸಲ. ಈ ಎರಡು ಪದ ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ಅವಳೀಗ ಬ್ಯಾಂಕಿನಿಂದ ಹೊಸ ಕಾರ್ಡ್ ತರಿಸಿಕೊಂಡಿದ್ದಾಳೆ, ಹೊಸ ಸಂಖ್ಯೆ ಹಾಕಿಸಿಕೊಂಡಿದ್ದಾಳೆ. ಬಲಗೈಯ ಪಟ್ಟಿ ಇನ್ನೂ ಬಿಚ್ಚಿಲ್ಲ, ಆದ್ದರಿಂದ ಮಂಚದ ಪಕ್ಕದ ಮೇಜಿನ ಮೇಲೆ ಎಡಗೈ ಬೆರಳಿನಲ್ಲಿ ಅದನ್ನು ಹಿಂದುಮುಂದಾಗಿ ಒತ್ತುವುದನ್ನು ಕಲಿಯುತ್ತಿದ್ದಾಳೆ. ನರ್ಸ್ ಒಬ್ಬಳು ಅದನ್ನು ಬೆರಳಿನ ವ್ಯಾಯಾಮ ಎಂದು ತಿಳಿದು ಮೆಚ್ಚಿಕೊಂಡಳಂತೆ.

ಆಮೇಲೆ ನಿಮ್ಮ ಬಳಿಗೆ ಬಂದೆ. ನೀವು ಪೇದೆಯಾಗಿ ಸೇರಿದ ಮೊದಲ ವಾರ ಗಣಿ ರಸ್ತೆಗಳಲ್ಲಿ ದಾರಿ ತಪ್ಪಿದಾಗ, ರೇಡಿಯೋದಲ್ಲಿ ಎಡಕ್ಕೆ ಬಲಕ್ಕೆ ಎಂದು ಹೇಳಿ ಠಾಣೆಗೆ ಮುಟ್ಟಿಸಿದವಳು ನಾನು. ಆ ಋಣಕ್ಕೋ ಏನೋ ಎದ್ದು ನಿಂತು ಕಾಫಿ ತರಿಸಿದಿರಿ. ನಿಮ್ಮ ಮರ್ಯಾದೆಗೆ ಕೊರತೆಯಿರಲಿಲ್ಲ.

"ಥೆಕ್ಲಾ ಮೇಡಂ, ನಿಜ ಹೇಳ್ಬೇಕಂದ್ರೆ ಅದು ನನಗೊಬ್ಬ ಹಳೇ ಸ್ನೇಹಿತ ಕಳಿಸಿದ್ದು. ಅವನೂ ಪೊಲೀಸ್ನಲ್ಲಿದ್ದೋನೇ. ಚೆನ್ನಾಗಿದೆ ಅನ್ನಿಸ್ತು, ಹಾಕಿದ್ವಿ."

"ಪರೀಕ್ಷೆ ಮಾಡಿ ನೋಡ್ಲಿಲ್ವಾ?"

"ಜನಕ್ಕೆ ಒಂದು ಧೈರ್ಯ ಬರತ್ತೆ, ಕಳ್ಳರಿಗೆ ಒಂದು ಭಯ ಇರತ್ತೆ. ಅದರಲ್ಲಿ ತಪ್ಪೇನಿದೆ ಹೇಳಿ."

"ಭಯ ಬಂತಲ್ಲಪ್ಪ. ಅದರ ಫಲ ಹಾಸಿಗೆ ಮೇಲಿದೆ, ಹೋಗಿ ನೋಡ್ಕೊಂಡು ಬಾ."

ಆಗ ನೀವು ಬಾಗಿಲು ಮುಚ್ಚಿ ದನಿ ತಗ್ಗಿಸಿದಿರಿ. ಈಗ ಅದನ್ನು ವಾಪಸು ಪಡೆದರೆ ತಪ್ಪೊಪ್ಪಿಕೊಂಡ ಹಾಗಾಗುತ್ತದೆ ಎಂದು ಊರಿನ ವಕೀಲರು ಹೇಳಿದ್ದಾರೆ, ಜೊತೆಗೆ ಉಳಿದ ಸೂಚನೆಗಳ ಮೇಲೂ ಜನರ ನಂಬಿಕೆ ಹೋಗುತ್ತದೆ, ಸ್ವಲ್ಪ ದಿನ ಕಳೆದರೆ ಕಾಗದ ತಾನಾಗಿಯೇ ಬಿಸಿಲಿಗೆ ಮಾಸಿಹೋಗುತ್ತದೆ ಎಂದಿರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಲ್ಲಿಯವರೆಗೆ ಮುರಿಯಲು ನಮ್ಮ ಮುದುಕಿಯರ ಮೂಳೆಗಳಿವೆಯಲ್ಲ. ನಾನು ಹೊರಗೆ ಬರುವಾಗ ಕೌಂಟರಿನ ಗುಮಾಸ್ತೆ ನಗುತ್ತ ಕರೆದು, ನನ್ನ ಕೈಗೆ ಹಳದಿ ಕಾಗದಗಳ ಒಂದು ಕಟ್ಟು ಕೊಟ್ಟಳು. "ನಿಮ್ಮ ಚರ್ಚಿನಲ್ಲಿ ಹಂಚಿ ಆಂಟಿ, ಹೊಸದಾಗಿ ಅಚ್ಚಾಗಿ ಬಂದಿದೆ" ಎಂದಳು. ಬಿಸಿಲಿಗೆ ಮಾಸುವ ಕಾಗದವನ್ನು ಮತ್ತೆ ಅಚ್ಚು ಹಾಕಿಸುವುದು ಯಾವ ವಕೀಲರ ಸಲಹೆ? ಆ ಕಟ್ಟು ನನ್ನ ಅಡುಗೆಮನೆಯಲ್ಲಿದೆ. ಅದರ ಹಿಂಬದಿಯಲ್ಲೇ ಈ ಪತ್ರದ ಕರಡು ಬರೆದೆ.

ನೀವು ಬರೆಯದ ಎಂಟನೆಯ ಸೂಚನೆಯನ್ನು ನಾನೇ ಬರೆಯುತ್ತೇನೆ, ಓದುವವರು ಕತ್ತರಿಸಿ ಇಟ್ಟುಕೊಳ್ಳಿ. ಎಟಿಎಂ ಮುಂದೆ ಯಾರಾದರೂ ಬೆದರಿಸಿದರೆ ಸರಿಯಾದ ಸಂಖ್ಯೆಯನ್ನೇ ಒತ್ತಿ ಹಣ ಕೊಟ್ಟುಬಿಡಿ. ವಾದ ಬೇಡ, ಜಾಣತನ ಬೇಡ, ಹೊತ್ತು ಕಳೆಯುವ ಆಟ ಬೇಡ. ಅವನಿಂದ ದೂರವಾಗಿ, ಜನರಿರುವ ಕಡೆ ಹೋಗಿ, ಆಮೇಲೆ ಫೋನ್ ಮಾಡಿ. ಇನ್ನೊಂದು ದನಿ ನಿಮಗೆ ಉತ್ತರ ಕೊಡುವವರೆಗೆ ನೀವು ಯಾರನ್ನೂ ಕರೆದಿಲ್ಲ ಎಂದೇ ತಿಳಿಯಿರಿ. ಮನುಷ್ಯರ ದನಿ ಕೇಳದೆ ಇದ್ದರೆ ಮತ್ತೆ ಮಾಡಿ, ಹತ್ತು ಸಲ ಮಾಡಿ, ಬಾಯಿ ಬಿಟ್ಟು ಅರಚಿ. ಲೈನು ಯಾಕೆ ಹಿಡಿದುಕೊಂಡಿದ್ದೀರಿ ಎಂದು ಯಾರಾದರೂ ಗದರಿದರೆ ನನ್ನ ಹೆಸರು ಹೇಳಿ.

ಇಷ್ಟನ್ನು ನಾನು ಬರೆದರೂ ಪ್ರಯೋಜನ ಕಡಿಮೆ ಎಂದು ನನಗೆ ಗೊತ್ತು. ನಮ್ಮ ಬರ್ನಡೀನ್ ಮೊನ್ನೆ ಗುರುವಾರ ಕೂಡ ತಿರುಗಿಸಿಯೇ ಹೇಳುತ್ತಿದ್ದಳು. ಮೇಜಿನ ಹೆಂಗಸರ ಪ್ರಕಾರ ವರ್ನಾ ಬದುಕಿದ್ದೇ ಆ ಏಳನೆಯ ಸೂಚನೆಯಿಂದ, ಕಳ್ಳ ಓಡಿದ್ದೇ ಅದಕ್ಕೆ ಹೆದರಿ. ಹೀಗೆ ಈ ಊರಿನಲ್ಲಿ ಅವಳ ಮುರಿದ ಸೊಂಟವೇ ನಿಮ್ಮ ಸುಳ್ಳಿಗೆ ಸಾಕ್ಷಿಯಾಗಿ ನಿಂತಿದೆ. ಈ ಸಲ ನಾನು ಸುಮ್ಮನಿರಲಿಲ್ಲ, ಎದ್ದು ನಿಂತು ಜಗಳವಾಡಿದೆ. ಎಲ್ಲರೂ ನಿಮ್ಮ ಸಹಿ ತೋರಿಸಿದರು. ನಿಮ್ಮ ಮಾತನ್ನು ಅಳಿಸುವ ಶಕ್ತಿ ನಿಮ್ಮ ಬಾಯಿಗೆ ಮಾತ್ರ ಇದೆ, ಅದಕ್ಕಾಗಿಯೇ ನಿಮಗೆ ಬರೆಯಬೇಕಾಯಿತು. ಕಳೆದ ಶುಕ್ರವಾರ ನಾನು ಆ ಯಂತ್ರದ ಎದುರಿನ ಅಂಗಡಿಯಲ್ಲಿ ನಿಂತು ನೋಡಿದೆ. ಒಂಬತ್ತರಿಂದ ಹತ್ತರವರೆಗೆ ಹನ್ನೊಂದು ಹೆಂಗಸರು ಬಂದರು, ಒಬ್ಬೊಬ್ಬರೇ. ರಸ್ತೆಯ ಕೊನೆಯಲ್ಲಿ ಬೂದು ಬಣ್ಣದ ಗಾಡಿಯೊಂದು ಎಂಜಿನ್ ಆರಿಸದೆ ಅಷ್ಟು ಹೊತ್ತೂ ನಿಂತಿತ್ತು, ಹತ್ತು ಗಂಟೆಗೆ ಹೊರಟುಹೋಯಿತು. ಅದರೊಳಗಿದ್ದವನು ಯಾರನ್ನೋ ಕಾಯುತ್ತಿದ್ದ ಸಾಧು ಮನುಷ್ಯನೂ ಇರಬಹುದು. ನಾನು ಅದರ ಸಂಖ್ಯೆ ಬರೆದುಕೊಂಡು ನಿಮ್ಮ ಠಾಣೆಗೆ ಫೋನ್ ಮಾಡಿ ಕೊಟ್ಟಿದ್ದೇನೆ, ಇದುವರೆಗೆ ಯಾರೂ ಮರಳಿ ಕರೆ ಮಾಡಿಲ್ಲ.

ಈಗ ನನ್ನ ಬೇಡಿಕೆ. ಕ್ಷಮಾಪಣೆ ಕೇಳಿ ಎಂದು ನಾನು ಹೇಳುವುದಿಲ್ಲ, ಅದಕ್ಕೆ ನಿಮ್ಮ ವಕೀಲರು ಬಿಡಲಾರರು. ಗುಡ್ ಫ್ರೈಡೇ ಬೆಳಿಗ್ಗೆ ಒಂಬತ್ತೂವರೆಗೆ ನೀವು ಆ ಗೋಡೆಯ ಮುಂದೆ ಬನ್ನಿ. ಸಮವಸ್ತ್ರದಲ್ಲೇ ಬನ್ನಿ, ನಿಮ್ಮ ಸ್ವಂತ ಕಾರ್ಡ್ ತನ್ನಿ. ಫೈರ್ ಹಾಲಿನ ಹೆಂಗಸರನ್ನೆಲ್ಲ ನಾನು ಕರೆತರುತ್ತೇನೆ. ವರ್ನಾಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದು ನಿಮ್ಮ ಪಕ್ಕದಲ್ಲೇ ನಿಲ್ಲಿಸುತ್ತೇನೆ. ನೀವು ಎಲ್ಲರೆದುರು ನಿಮ್ಮ ಸಂಖ್ಯೆಯನ್ನು ಹಿಂದುಮುಂದಾಗಿ ಒತ್ತಿ. ಠಾಣೆಯವರಿಗೆ ಮೊದಲೇ ಹೇಳಿಟ್ಟು ಗಾಡಿ ತರಿಸುವ ಆಟ ಆಡಬೇಡಿ, ಕರೆ ಕೇಂದ್ರದಲ್ಲಿ ನನ್ನ ಹಳೆಯ ಗೆಳತಿಯರು ಇನ್ನೂ ಇದ್ದಾರೆ. ಒತ್ತಿ, ಯಂತ್ರ ತಪ್ಪಾಗಿದೆ ಎನ್ನಲಿ, ಮತ್ತೆ ಒತ್ತಿ, ಅದು ಕಾರ್ಡ್ ನುಂಗಿದರೆ ನುಂಗಲಿ. ಆಮೇಲೆ ನಮ್ಮ ಜೊತೆ ನಿಂತು ರಸ್ತೆಯ ಕಡೆ ನೋಡುತ್ತ ಕಾಯಿರಿ. ಅವಳು ಕಾದಷ್ಟೇ ಹೊತ್ತು, ಇಪ್ಪತ್ತು ನಿಮಿಷ.

ಯಾರೂ ಬರುವುದಿಲ್ಲ. ಅದನ್ನು ಅವಳು ನಿಮ್ಮ ಪಕ್ಕದಲ್ಲಿ ಕೂತು ಕಣ್ಣಾರೆ ನೋಡಬೇಕು. ನೋಡಿದ ಮೇಲೆ ಅವಳಿಗೆ ಕೂಗುವುದನ್ನು ಕಲಿಸುವ ಕೆಲಸ ನನಗಿರಲಿ.

ಇಂತಿ,
ಇಡೀ ಜಿಲ್ಲೆಯ ಕರೆ ಎತ್ತಿ, ಪಕ್ಕದಲ್ಲಿ ಕೂತವಳಿಗೆ ಒಂದು ಮಾತು ಹೇಳದೆ ಉಳಿದ,
ಥೆಕ್ಲಾ ಮಿಹಾಲಿಕ್
ಹೆಕ್ಲರ್ಸ್ ಪ್ಯಾಚ್, ಪೆನ್ಸಿಲ್ವೇನಿಯಾ